ಗೀರು ಬಿದ್ದ ಹೊಸ ಬಂದೂಕು

ಪೂರಾ ಬೆಲೆ ಕೊಟ್ಟು ಚೊಕ್ಕ ಸಾಮಾನು ತರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಸೊಲ್ಲಾಪುರದ ಗಿರಣಿಯೊಂದರ ಕಚೇರಿಯಲ್ಲಿ ಕಾರಕೂನನಾಗಿರುವ ನಾನು ಹೊದೆಯುವುದು ನೇಯುವಾಗ ಎಳೆ ತಪ್ಪಿದ ಚಾದರ, ಹಿಡಿಯುವುದು ಬಣ್ಣ ಹಾರಿದ ಕೊಡೆ. ಎಳೆ ತಪ್ಪಿದೆಯೆಂದು ಚಳಿಯೇನೂ ಹುಡುಕಿಕೊಂಡು ಒಳಗೆ ಬರುವುದಿಲ್ಲ. ಇಂಥ ನನ್ನನ್ನೂ ಅನುಮಾನಕ್ಕೆ ಕೆಡವಿದ್ದು ಬಂದೂಕು ಒಂದೇ.

ಬಂದೂಕು ಬೇಕಾಗಿದ್ದುದು ನನಗಲ್ಲ, ಅಕ್ಕಲಕೋಟೆಯ ಆಚೆಗಿನ ನಮ್ಮ ಹಳ್ಳಿಯಲ್ಲಿ ಕುರಿ ಕಾಯುವ ಅಣ್ಣ ಬೀರಣ್ಣನಿಗೆ. ಆ ವರ್ಷ ತೋಳವೊಂದು ನಮ್ಮ ಕುರಿಹಟ್ಟಿಯ ರುಚಿ ಹತ್ತಿಸಿಕೊಂಡಿತ್ತು. ಸರಕಾರಿ ಕಚೇರಿಯ ಮೆಟ್ಟಿಲು ಕಂಡರೆ ಅಣ್ಣನಿಗೆ ಜ್ವರ ಬರುತ್ತದೆ. ಹೀಗಾಗಿ ಪರವಾನಗಿ ನನ್ನ ಹೆಸರಿಗಾಯಿತು. ಅಂದರೆ ಇಡೀ ಮನೆತನದಲ್ಲಿ ಗುಂಡು ಹಾರಿಸುವ ಹಕ್ಕು ಜಿರಳೆ ಕಂಡರೆ ಹೆಂಡತಿಯನ್ನು ಕೂಗುವ ನನಗೊಬ್ಬನಿಗೇ ದಕ್ಕಿತು.

ಸೊಲ್ಲಾಪುರದ ಬಂದೂಕಿನ ಅಂಗಡಿಯ ಮುದುಕ ಗಾಜಿನ ಕಪಾಟಿನಿಂದ ಒಂಟಿ ನಳಿಗೆಯ ಹೊಚ್ಚ ಹೊಸ ಬಂದೂಕು ತೆಗೆದ. ಭುಜಕ್ಕೆ ಒತ್ತುವ ಕಟ್ಟಿಗೆಯ ಮೇಲೆ ಗೇಣುದ್ದ ಗೀರು. “ಪೆಟಗಿ ಒಡಿಯೂ ಮುಂದ ಮೊಳಿ ತಾಗೇತ್ರಿ ಸಾಹೇಬ್ರ. ಅದಕ್ಕs ಕಮ್ಮಿ ರೇಟು. ಗೀರು ಬರೇ ಮ್ಯಾಲಿಂದು. ಒಳಗ ನಳಗಿ ಕನ್ನಡಿ ಇದ್ದಂಗ ಐತಿ, ಹಣಿಕಿ ಹಾಕ್ರಿ,” ಎಂದ. ಹಣಿಕಿ ಹಾಕಿದೆ. ಆ ತುದಿಯಲ್ಲಿ ಬೆಳಕು ಕಂಡಿತು. ಅದರಾಚೆ ಏನೂ ತಿಳಿಯಲಿಲ್ಲವಾದ್ದರಿಂದ ತಿಳಿದವನಂತೆ ತಲೆ ಆಡಿಸಿ, ಮನೆಯಲ್ಲಿ ಕೇಳಿ ಬರುತ್ತೇನೆಂದು ಹೊರಬಿದ್ದೆ.

ಕೇಳಬಾರದಿತ್ತು. ಹೆಂಡತಿ ಒಲೆಯ ಮುಂದಿನಿಂದಲೇ, “ಮ್ಯಾಲ ಗೀರು ಇದ್ರ ಏನಾತರಿ? ನಮ್ಮಪ್ಪ ನಿಮ್ಮನ್ನ ನೋಡಾಕ ಬಂದಾಗ ಮೈಮ್ಯಾಲ ಒಂದ ಗೀರ ಇರಲಿಲ್ಲ. ಒಳಗ ಹಣಿಕಿ ಹಾಕೂದು ಮರತರು,” ಎಂದಳು. ಹಳ್ಳಿಗೆ ಹೋದರೆ ಅವ್ವನದು ಬೇರೆಯೇ ತಕರಾರು: “ಖಂಡೇನವಮಿಗೆ ಆಯುಧಪೂಜಿ ಆಗಬೇಕಲ್ಲೊ. ಭಿನ್ನ ಆದದ್ದನ್ನ ಮೈಲಾರಲಿಂಗನ ಮುಂದ ಹೆಂಗ ಇಡ್ತಿ? ಪೂಜಿ ಇಲ್ದ ಹತಾರ ಹಿಡೀಬಾರದು.” ಅಣ್ಣನಿಗೆ ಸಿಟ್ಟು ಬಂತು. “ತ್ವಾಳ ಬಂದು ಗೀರು ಎಲ್ಲೈತಿ ಅಂತ ಕೇಳತೈತೇನ ಅವ್ವಾ? ತಮ್ಮಾ, ಸುಮ್ಮ ತಗೊಂಬಾ.” ನಾನೋ, ಗಿರಣಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತ ಕಾಲ ತಳ್ಳಿದೆ. ಬಂದೂಕನ್ನು ಕಣ್ಣಿನಿಂದಲೂ ಕಾಣದವರೆಲ್ಲ ಬಲು ಗಟ್ಟಿಯಾಗಿ ಸಲಹೆ ಕೊಟ್ಟರು.

ತೋಳಕ್ಕೆ ಅಷ್ಟು ಪುರುಸೊತ್ತಿರಲಿಲ್ಲ. ಅದು ಮತ್ತೆ ಹಟ್ಟಿಗೆ ನುಗ್ಗಿದಾಗ ತಡೆದವನು ಕಾಳ್ಯಾ, ಅಣ್ಣನ ನಾಯಿ. ನಾವು ಮೈಲಾರನ ಒಕ್ಕಲು. ನಮಗೆ ನಾಯಿಯೆಂದರೆ ದೇವರ ಕಡೆಯದು. ಮನೆಯಲ್ಲಿ ಮೊದಲ ರೊಟ್ಟಿ ಕಾಳ್ಯಾನಿಗೆ. ನಾನು ಪಟ್ಟಣದಿಂದ ಎಷ್ಟೇ ಹಸಿದು ಬಂದರೂ ಎರಡನೆಯವನು. ತೋಳ ಕಚ್ಚಿ ಕುತ್ತಿಗೆ ಹರಿದರೂ ಕಾಳ್ಯಾ ಒಂದು ಮರಿಯನ್ನೂ ಬಿಟ್ಟುಕೊಡಲಿಲ್ಲ. ಸುದ್ದಿ ಕೇಳಿದವನೇ ಓಡಿಹೋಗಿ ಗೀರಿನ ಬಂದೂಕನ್ನೇ ಕೊಂಡು, ಬಸ್ಸು ಹಿಡಿದು ಹಳ್ಳಿಗೆ ಹೋದೆ. ಅಷ್ಟರಲ್ಲಿ ತೋಳ ಹಳ್ಳದಲ್ಲಿ ತಾನಾಗಿಯೇ ಸತ್ತುಬಿದ್ದಿತ್ತು. ಹುಚ್ಚು ಹಿಡಿದಿತ್ತಂತೆ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಮಡಕೆಯೊಂದನ್ನಿಟ್ಟು ಗುರಿ ಕಲಿಯೋಣವೆಂದರೆ ಅವ್ವ, ಪೂಜೆ ಆಗಲಿ ಎಂದು ತಡೆದಳು. ಗೀರು ಗೋಡೆಯ ಕಡೆ ಬರುವಂತೆ ಬಂದೂಕನ್ನು ಗೂಟಕ್ಕೆ ತೂಗುಹಾಕಿ, ಬೇಟೆಗಾರನ ಗತ್ತಿನಲ್ಲಿ ಸೊಲ್ಲಾಪುರಕ್ಕೆ ಮರಳಿದೆ.

ಖಂಡೇನವಮಿಗೆ ಮೊದಲೇ, ಮುಂಗಾರಿ ಜೋಳ ತೆನೆ ಬಿಡುವ ಹೊತ್ತಿಗೆ ಅಣ್ಣ ಕರೆಕಳಿಸಿದ. ಕಾಳ್ಯಾ ನೀರು ಮುಟ್ಟುತ್ತಿರಲಿಲ್ಲ. ಬಾಯಲ್ಲಿ ಜೊಲ್ಲು, ಕಂಬವನ್ನೂ ಕಡಿಯುತ್ತಿದ್ದ. ಯಾರನ್ನಾದರೂ ಕಚ್ಚಿಯಾನೆಂದು ಅವನನ್ನು ಕೊಟ್ಟಿಗೆಯೊಳಗೆ ಕೂಡಿಹಾಕಿದ್ದರು. ಊರವರೆಲ್ಲ ಅಂಗಳದಲ್ಲಿ ನಿಂತು ನನ್ನ ಮುಖ ನೋಡಿದರು. ಅವ್ವನ ಮಾತನ್ನು ಅಷ್ಟು ಭಕ್ತಿಯಿಂದ ನಾನು ಹಿಂದೆಂದೂ ಪಾಲಿಸಿದವನಲ್ಲ. “ಭಿನ್ನ ಆದ ಬಂದೂಕು, ಪೂಜಿನೂ ಆಗಿಲ್ಲ, ಹೆಂಗ ಹಿಡೀಲಿ?” ಎಂದೆ. ಅವ್ವ ಒಳಗೆ ಹೋಗಿ ಮೈಲಾರನ ಭಂಡಾರದ ಅರಿಶಿನಪುಡಿ ತಂದು, ಗೀರಿನ ಉದ್ದಕ್ಕೂ ಹಳದಿ ಸವರಿದಳು. “ಪೂಜಿ ಆತು. ಹೋಗಪ್ಪಾ,” ಎಂದು ಸೆರಗು ಬಾಯಿಗೊತ್ತಿಕೊಂಡಳು.

ಅಣ್ಣ ಕೊಟ್ಟಿಗೆಯ ತನಕ ಬಂದ. “ಭಾಳ ತ್ರಾಸ ಪಡಾಕತ್ತೈತಿ ತಮ್ಮಾ. ನನ್ನ ಕೈಲೆ ಆಗಂಗಿಲ್ಲ. ನಾಳಿ ಮೈಲಾರ ಯಾರು ಮಾಡಿದ್ರು ಅಂತ ಕೇಳಿದ್ರ, ನನ್ನ ಹೆಸರು ಹೇಳು,” ಎಂದು ಬೆನ್ನು ತಿರುಗಿಸಿ ನಿಂತ. ಬಾಗಿಲ ಸಂದಿಯಿಂದ ನಾನು “ಕಾಳ್ಯಾ” ಎಂದೆ. ತಲೆಯೆತ್ತಿದರೆ ಗುರಿ ಸಿಗಲೆಂದು ಕರೆದದ್ದು. ಅಷ್ಟು ಬೇನೆಯಲ್ಲೂ ಅವನು ತಲೆಯೆತ್ತಿ ಬಾಲ ಆಡಿಸಿದ. ಒಂದೇ ಗುಂಡು. ಊರವರು ನನ್ನ ಗುರಿಯನ್ನು ಹೊಗಳಿದರು. ಮರುದಿನ ಅತ್ತಿಗೆ ರೂಢಿಯಂತೆ ಮೊದಲ ರೊಟ್ಟಿ ತೆಗೆದಿಟ್ಟು, ಅದನ್ನು ಯಾರಿಗೆ ಹಾಕುವುದೆಂದು ತಿಳಿಯದೆ ಅಳತೊಡಗಿದಳು.

ಬಂದೂಕನ್ನು ಹಿಂದಿರುಗಿಸಲು ಅದೇ ಅಂಗಡಿಗೆ ಹೋದೆ. “ಯಾಕ್ರಿ ಸಾಹೇಬ್ರ, ಗೀರಿನಿಂದ ಏನರ ತ್ರಾಸ ಆತೇನ್ರಿ?” ಎಂದ ಮುದುಕ. ಇಲ್ಲವೆಂದೆ. ಎಷ್ಟು ಸಲ ಹಾರಿಸಿದಿರಿ ಎಂದು ಕೇಳಿದ. ಒಂದೇ ಸಲ ಎಂದೆ. ಅವನು ನಳಿಗೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, “ನಾ ಆವತ್ತs ಹೇಳಿದ್ನೆಲ್ರಿ, ಮ್ಯಾಲಷ್ಟ ಗೀರು. ಒಳಗ ಏನೂ ಆಗಿಲ್ಲ,” ಎಂದ.

ಕಪಾಟಿನ ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಬೆಳಿಗ್ಗೆಯಷ್ಟೇ ಕ್ಷೌರ ಮಾಡಿಸಿಕೊಂಡಿದ್ದೆ. ಮೇಲೆ ಒಂದು ಗೀರೂ ಇರಲಿಲ್ಲ.