ನರಹರಿ ಮಾವನ ವಾದರಥ

"ಇದಕ್ಕೆ ಪೆಟ್ರೋಲ್ ಬೇಡ, ಡೀಸೆಲ್ ಬೇಡ, ಕರೆಂಟೂ ಬೇಡ!" ನರಹರಿ ಮಾವ ಶೆಡ್ಡಿನ ಬಾಗಿಲಿಗೆ ಕಟ್ಟಿದ್ದ ಅತ್ತೆಯ ಹಳೇ ಸೀರೆಯನ್ನು ಸರ್ರನೆ ಎಳೆದು ಕೂಗಿದರು. "ಇದು ಓಡೋದು ಬರೀ ವಾದದ ಮೇಲೆ! ನಮ್ಮ ದೇಶದಲ್ಲಿ ಯಾವತ್ತೂ ಮುಗೀದೇ ಇರೋ ಇಂಧನ!"

ಸೀರೆಯ ಹಿಂದೆ ನಿಂತಿದ್ದ ಗಾಡಿಯ ಮುಖ ಹೊಸ ಎಸ್‌ಯುವಿಯದು, ಮೈ ಹಳೇ ಜೀಪಿನದು. ಒಳಗೆ ಚಾವಣಿಯ ತುಂಬಾ ಗಣೇಶನ ಪೆಂಡಾಲಿನ ಮೈಕುಗಳಿಂದ ಕಳಚಿ ತಂದ ಕೊಂಬುಗಳು ಕೆಳಮುಖವಾಗಿ ಬಾಯಿ ತೆರೆದು ನೇತಾಡುತ್ತಿದ್ದವು. ಎಂಜಿನ್ ಇರಬೇಕಾದ ಜಾಗದಲ್ಲಿ ಇಡ್ಲಿ ಪಾತ್ರೆಯಂಥದ್ದೊಂದು ಡಬ್ಬ. ಹತ್ತಿರ ಹೋಗಿ ನೋಡಿದರೆ, ಇಡ್ಲಿ ಪಾತ್ರೆಯೇ!

"ಅದಕ್ಕೇ ನಾವು ಎರಡು ವಾರದಿಂದ ಉಪ್ಪಿಟ್ಟು ತಿಂತಿರೋದು," ಎಂದರು ವಿಶಾಲತ್ತೆ.

ನರಹರಿ ಮಾವ ನನ್ನ ಅಮ್ಮನ ತಮ್ಮ. ನೂಲಿನ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾದವರು. ಗಿರಣಿಯಲ್ಲಿ ಕೆಟ್ಟ ಯಂತ್ರಗಳನ್ನು ಸರಿ ಮಾಡುತ್ತಿದ್ದರು, ಮನೆಯಲ್ಲಿ ಸರಿಯಿರುವ ಯಂತ್ರಗಳನ್ನು ಬಿಚ್ಚುತ್ತಾರೆ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ನಂಜನಗೂಡಿನ ಅವರ ಮನೆಯಲ್ಲೇ ಇದ್ದೆ.

ಅವತ್ತು ಹನ್ನೊಂದಕ್ಕೆ ಮೈಸೂರಿನಲ್ಲಿ ನನಗೆ ಸಂದರ್ಶನವಿತ್ತು. ಅಲ್ಲಿಗೆ ಈ ಗಾಡಿಯಲ್ಲೇ ಬಿಡುತ್ತೇನೆಂದು ಮಾವ ತೀರ್ಮಾನಿಸಿಬಿಟ್ಟಿದ್ದರು. 'ಗಾಲಿ' ಎಂಬ ವಾಹನಗಳ ಮಾಸಪತ್ರಿಕೆಗೆ ಕರಡು ತಿದ್ದುವವರು ಬೇಕಾಗಿದ್ದರು. ಒಂದು ಮೂಲೆಯಲ್ಲಿ ಒಬ್ಬಳೇ ಕೂತು, ಬೇರೆಯವರ ತಪ್ಪುಗಳನ್ನು ಸದ್ದಿಲ್ಲದೆ ಸರಿ ಮಾಡುವ ಕೆಲಸ. ಯಾರ ಜೊತೆಯೂ ಮಾತಾಡಬೇಕಿಲ್ಲ! ನನ್ನ ದನಿ ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲವೆಂದು ಮನೆಯಲ್ಲಿ ಎಲ್ಲರೂ ರೇಗಿಸುತ್ತಾರೆ. ಈ ಲೋಕದಲ್ಲಿ ನನಗಾಗಿಯೇ ಹುಟ್ಟಿದ ಕೆಲಸವೊಂದಿದ್ದರೆ ಅದು ಇದೇ. ತೊಂದರೆ ಒಂದೇ. ಮಾತಾಡದೆ ಮಾಡುವ ಈ ಕೆಲಸ ಸಿಗಬೇಕಾದರೆ ಮೊದಲು ಸಂದರ್ಶನದಲ್ಲಿ ಮಾತಾಡಬೇಕಿತ್ತು.

"ನಾನು ಬಸ್ಸಲ್ಲೇ ಹೋಗ್ತೀನಿ ಮಾವ," ಎಂದೆ. ಯಾರಿಗೂ ಕೇಳಿಸಲಿಲ್ಲ.

ಅಷ್ಟರಲ್ಲಿ ಇಂಧನ ಬಂದಿಳಿಯಿತು. ಎಂದರೆ, ಮಾವನ ಇಬ್ಬರು ಗೆಳೆಯರು! ಮರಿಸ್ವಾಮಪ್ಪನವರು ಜೀವಮಾನವಿಡೀ ಲಾರಿ ಓಡಿಸಿದವರು, ಡೀಸೆಲ್ ಪಕ್ಷ. ಅನಂತಪದ್ಮನಾಭ ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು, ಬ್ಯಾಟರಿ ಪಕ್ಷ. ಮುಂದಿನ ವರ್ಷ ಯಾವ ಎಸ್‌ಯುವಿ ಬರುತ್ತದೆ, ಅದಕ್ಕೆ ಯಾವ ಎಂಜಿನ್ ಹಾಕಬೇಕು ಎಂದು ಇಬ್ಬರೂ ದಿನಾ ಬೆಳಗ್ಗೆ ಮಾವನ ಜಗಲಿಯಲ್ಲಿ ಕೂತು ಕಿತ್ತಾಡುತ್ತಾರೆ. ಹೊಸ ಗಾಡಿ ಬಂದಾಗಲೆಲ್ಲ ಜೊತೆಯಾಗಿ ಷೋರೂಮಿಗೆ ಹೋಗಿ, ಟೆಸ್ಟ್ ಡ್ರೈವ್ ಮಾಡಿ, ಅಲ್ಲಿ ಕೊಟ್ಟ ಕಾಫಿ ಕುಡಿದು, ಬಸ್ಸು ಹತ್ತಿ ವಾಪಸು ಬರುತ್ತಾರೆ.

"ಪೂಜೆ ಆಗ್ದೆ ಮಗೂನ ಇದರಲ್ಲಿ ಕೂರಿಸ್ಕೊಂಡು ಹೋಗ್ಕೂಡ್ದು," ಎಂದು ಅತ್ತೆ ಹಟ ಹಿಡಿದರು. ಗಾಡಿಯ ಮುಂದೆ ರಂಗೋಲಿ ಬಿತ್ತು. ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಬಂತು. ಬಾನೆಟ್ಟಿನ ಮೇಲೆ ಆರತಿ ತಟ್ಟೆ ಕೂತಿತು. ಅತ್ತೆ ಬೆರಳಿಗೆ ಕುಂಕುಮ ಅದ್ದಿಕೊಂಡು, "ಎಲ್ಲಿ ಹಚ್ಚಲಿ?" ಎಂದು ಕೇಳಿದರು.

ಕೇಳಬಾರದಿತ್ತು!

"ಇನ್ನೆಲ್ಲಮ್ಮ, ಎಂಜಿನ್ನಿಗೆ," ಎಂದು ಮರಿಸ್ವಾಮಪ್ಪನವರು ಎಡಗಡೆಯ ಕಿಟಕಿಯಿಂದ ಒಳಗೆ ತಲೆ ಹಾಕಿದರು.

"ಇನ್ಮೇಲೆ ಬರೋ ಗಾಡಿಗಳಲ್ಲಿ ಎಂಜಿನ್ನೇ ಇರೋಲ್ಲ. ಬ್ಯಾಟರಿಗೆ ಹಚ್ಬೇಕು," ಎಂದು ಬಲಗಡೆಯಿಂದ ಮೇಷ್ಟ್ರು ತಲೆ ಹಾಕಿದರು.

"ಬ್ಯಾಟರಿ ಇರೋದು ಗಾಡಿ ತಳದಲ್ಲಿ! ಕೆಳಗೆ ಅಂಗಾತ ಮಲಕ್ಕೊಂಡು ಪೂಜೆ ಮಾಡ್ತೀರೇನ್ರೀ?"

"ಮಲಕ್ಕೊಂಡ್ರೆ ದೇವರು ಬೇಡ ಅಂತಾನ?"

"ಡೀಸೆಲ್ ಎಂಜಿನ್ ಮುಂದೆ ನಿಂತ್ಕೊಳ್ಳಿ, ಅದೇ ನಿಮಗೆ ಧೂಪ ಹಾಕುತ್ತೆ!"

"ಆ ಧೂಪ ಕುಡಿದೂ ಕುಡಿದೂ ನಿಮ್ಮ ತಲೆ ಹೀಗಾಗಿರೋದು!"

ಇಡ್ಲಿ ಪಾತ್ರೆ ಗುರ್ರ್ ಎಂದಿತು. ಗಾಡಿ ನೆಗೆಯಿತು! ನಾಲ್ಕು ನಿಂಬೆಹಣ್ಣೂ ಮಂಗಳಾರತಿಗೆ ಕಾಯದೆ ಪಚಕ್ಕೆಂದವು. ಗಾಡಿ ರಂಗೋಲಿ ಅಳಿಸಿ, ಆರತಿ ತಟ್ಟೆ ಹೊತ್ತುಕೊಂಡು, ಕಿಟಕಿಗಳಿಗೆ ನೇತುಬಿದ್ದ ಇಬ್ಬರು ಹಿರಿಯರನ್ನೂ ಎಳೆದುಕೊಂಡು ಹೋಗಿ ಕಾಂಪೌಂಡಿನ ಗೇಟಿಗೆ ಗುದ್ದಿ ನಿಂತಿತು. ಇಬ್ಬರ ಬಾಯಿಯೂ ಬಂದ್ ಆಗಿತ್ತು.

"ನೋಡಿದ್ಯಾ ವಿಶಾಲೂ? ನೋಡಿದ್ಯಾ?" ಮಾವ ಮುರಿದ ಗೇಟಿನ ಸುತ್ತ ಕುಣಿದರು.

ನನ್ನ ಬಸ್ಸು ಆ ಗಲಾಟೆಯಲ್ಲೇ ಹೋಗಿಬಿಟ್ಟಿತ್ತು. ಬೇರೆ ದಾರಿ ಇರಲಿಲ್ಲ. ಕಣ್ಣು ಮುಚ್ಚಿ ಹತ್ತಿ ಕೂತೆ.

ಮಾವ ಸ್ಟೇರಿಂಗ್ ಹಿಡಿದರು. ಎದುರಿಗೆ ಗಡಿಯಾರದಂಥ ಒಂದು ಮಾಪಕ, ಅದರ ಮೇಲೆ ಮಾವನ ಕೈಬರಹ: ಮಾತು, ಚರ್ಚೆ, ವಾದ, ಜಗಳ. ಕಟ್ಟಕಡೆಗೆ ಕೆಂಪು ಬಣ್ಣದಲ್ಲಿ, 'ಮುಖ ನೋಡಲ್ಲ'.

"ಬರೀ ಕೂಗಿದ್ರೆ ಓಡಲ್ಲ ಕುಮುದಾ," ಎಂದು ಮಾವ ನನಗೆ ವಿವರಿಸಿದರು. "ಒಬ್ಬರ ಮಾತು ಇನ್ನೊಬ್ಬರಿಗೆ ಒಳಗಿಂದ ಉರೀಬೇಕು. ಆ ಉರೀನ ಕೊಂಬು ಹೀರ್ಕೊಳ್ಳುತ್ತೆ. ಶುರು ಮಾಡ್ರಪ್ಪ!"

ಹಿಂದೆ ಕೂತವರು ಶುರು ಮಾಡಿದರು. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಎಂದು ಒಬ್ಬರು, ಚಾರ್ಜ್ ಆಗುವವರೆಗೆ ದಾರಿಯಲ್ಲಿ ಕೂತು ಕಡಲೆಕಾಯಿ ಸುಲಿಯಬೇಕೇ ಎಂದು ಇನ್ನೊಬ್ಬರು. ಗಾಡಿ ಬಾಣದಂತೆ ಹೊರಟಿತು! ನಾನು ಹತ್ತಬೇಕಿದ್ದ ಬಸ್ಸು ಮುಂದೆ ಕಾಣಿಸಿತು, ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು. ಅದರ ಕಂಡಕ್ಟರ್ ನಮ್ಮನ್ನು ನೋಡಿ ಕೈ ಮುಗಿದ.

"ಮಾವ, ಬ್ರೇಕ್!" ಎಂದೆ. ಎದುರಿಗೆ ಕಬ್ಬಿನ ಲಾರಿ ಇತ್ತು.

ಮಾವ ಬ್ರೇಕ್ ಒತ್ತಿದರು. ಗಾಡಿ ಇನ್ನೇನು ನಿಧಾನವಾಗಬೇಕು, ಮೇಷ್ಟ್ರು ಬಾಯಿ ತೆಗೆದರು. "ಇದೇ ಎಲೆಕ್ಟ್ರಿಕ್ ಗಾಡಿ ಆಗಿದ್ರೆ, ಬ್ರೇಕ್ ಒತ್ತಿದಾಗೆಲ್ಲ ಬ್ಯಾಟರಿ ಚಾರ್ಜ್ ಆಗ್ತಿತ್ತು."

"ನನ್ನ ಲಾರಿಗೆ ಘಾಟಿ ಇಳಿಯೋವಾಗ ಬ್ರೇಕೇ ಬೇಕಾಗ್ತಿರ್ಲಿಲ್ಲ! ಗೇರ್ ಇಳಿಸಿದ್ರೆ ಎಂಜಿನ್ನೇ ಹಿಡ್ಕೊಳ್ಳೋದು!"

"ಹಿಡ್ಕೊಂಡು ಏನ್ ಉಳೀತು? ಆ ಶಕ್ತಿಯೆಲ್ಲ ದಂಡ!"

"ನನ್ನ ಪ್ರಾಣ ಉಳೀತು ಕಣ್ರೀ!"

ಮುಳ್ಳು 'ಜಗಳ'ಕ್ಕೆ ಹಾರಿತು. ಬ್ರೇಕ್ ಒತ್ತಿದಷ್ಟೂ ಗಾಡಿ ಜೋರಾಯಿತು! ಕಬ್ಬಿನ ಲಾರಿಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಬಂದೆವು. ಮಾವ ಮಾತ್ರ, "ಬ್ರೇಕಿಂದಲೂ ವೇಗ! ಇದನ್ನ ನಾನೂ ಯೋಚಿಸಿರ್ಲಿಲ್ಲ," ಎಂದು ಹಿಗ್ಗಿದರು.

ಕಡಕೊಳದ ಹತ್ತಿರ ಬಣ್ಣ ಹೋಗಿದ್ದ ರೋಡ್ ಹಂಪ್ ಒಂದಿತ್ತು. ನಾವೆಲ್ಲ ಒಟ್ಟಿಗೆ ಮೇಲೆ ಹಾರಿದೆವು. ಹಿಂದಿನ ಎರಡು ತಲೆಗಳು ಎರಡು ಕೊಂಬುಗಳಿಗೆ ಠಣ್ ಠಣ್ ಎಂದು ಬಡಿದವು.

"ಗಾಡಿ ಯಾವುದಾದ್ರೇನ್ರೀ ಮೇಷ್ಟ್ರೇ," ಎಂದು ಮರಿಸ್ವಾಮಪ್ಪನವರು ತಲೆ ಉಜ್ಜಿಕೊಂಡರು. "ರೋಡೇ ಸರಿ ಇಲ್ಲ."

"ನೂರಕ್ಕೆ ನೂರು ನಿಜ ಮರಿಸ್ವಾಮಪ್ನೋರೆ."

ಗಾಡಿ ಟಕ್ಕನೆ ನಿಂತಿತು.

"ಅಯ್ಯೋ, ಒಪ್ಪಬೇಡ್ರೀ!" ಮಾವ ಗೋಗರೆದರು. "ಏನಾದ್ರೂ ಅನ್ರೀ ಅವರಿಗೆ!"

"ನೀವು... ನೀವು ಅಷ್ಟೇನೂ ಒಳ್ಳೆಯೋರಲ್ಲ," ಎಂದು ಮೇಷ್ಟ್ರು ಪ್ರಯತ್ನಪಟ್ಟರು.

"ನೀವೂ ಅಷ್ಟೆ," ಎಂದು ಮರಿಸ್ವಾಮಪ್ಪನವರು ಮರ್ಯಾದೆಯಿಂದಲೇ ಉತ್ತರಿಸಿದರು.

ಪಾತ್ರೆ ಟುಸ್ ಎಂದಿತು. ಸುಳ್ಳು ಜಗಳ ಅದಕ್ಕೆ ಹಿಡಿಸಲಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ತಲೆಗೆ ಬಿದ್ದ ಪೆಟ್ಟು ಇಬ್ಬರ ಮನಸ್ಸನ್ನೂ ಮೆತ್ತಗೆ ಮಾಡಿಬಿಟ್ಟಿತ್ತು!

"ಹಾಗೆ ನೋಡಿದ್ರೆ, ಸಿಟಿ ಒಳಗೆ ಓಡಾಡೋಕೆ ಬ್ಯಾಟರಿನೇ ವಾಸಿ ಬಿಡಿ," ಎಂದರು ಮರಿಸ್ವಾಮಪ್ಪನವರು.

"ಛೆ, ಛೆ, ದೂರದ ದಾರಿಗೆ ಡೀಸೆಲ್ಲೇ ಸರಿ."

"ಬಿಸಿಬಿಸಿ ಮಸಾಲೆ ದೋಸೆ ತಿನ್ನೋಣ್ವಾ?"

"ತಿನ್ನೋಣ ನಡೀರಿ."

ಗಾಡಿ ಪೂರ್ತಿ ತಣ್ಣಗಾಯಿತು. ನಾವು ಹಿಂದೆ ಹಾಕಿದ್ದ ಬಸ್ಸು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿ ಹೋಯಿತು. ನಾನು ಗಡಿಯಾರ ನೋಡಿಕೊಂಡೆ. ಮೂಲೆಯ ಆ ಕುರ್ಚಿ, ಆ ಮೇಜು, ಆ ಸದ್ದಿಲ್ಲದ ಕೆಲಸ ಎಲ್ಲವೂ ಬಸ್ಸಿನ ಹಿಂದೆಯೇ ಹೋಗುತ್ತಿದ್ದಂತೆ ಅನ್ನಿಸಿತು. ಸೀಟಿನಲ್ಲೇ ಹಿಂದಕ್ಕೆ ತಿರುಗಿದೆ.

"ನೀವಿಬ್ರೂ ಹೇಳೋದು ತಪ್ಪು," ಎಂದೆ.

ಮುಳ್ಳು ಸಣ್ಣಗೆ ಅಲ್ಲಾಡಿತು. ಮಾವ ಕಣ್ಣರಳಿಸಿ ನನ್ನತ್ತ ತಿರುಗಿದರು. "ಇನ್ನೊಂದ್ಸಲ ಹೇಳು ಕಂದಾ! ಜೋರಾಗಿ!"

"ನಿಮಗೆ ಯಾವ ಎಸ್‌ಯುವಿನೂ ಬೇಡ!" ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ನಮ್ಮ ಬೀದಿಗೆ ಆಟೋನೇ ಓರೆಯಾಗಿ ಬರುತ್ತೆ, ಅಲ್ಲಿಗೆ ಅಷ್ಟಗಲದ ಗಾಡಿ ಯಾಕೆ? ಇಷ್ಟು ವರ್ಷ ಜಗಳ ಆಡಿದ್ರಲ್ಲ, ಇಬ್ಬರಲ್ಲಿ ಒಬ್ರಾದ್ರೂ ಒಂದು ಗಾಡಿ ತಗೊಂಡ್ರಾ? ಷೋರೂಮಿನ ಕಾಫಿ ಕುಡಿಯೋಕೆ ಹೋಗ್ತೀರಿ ಅಷ್ಟೆ!"

ಇಬ್ಬರೂ ಒಟ್ಟಿಗೆ ಸಿಡಿದರು!

"ಕಾಫಿಗಾ? ನಾವಾ? ಆ ಚಿಕ್ಕ ಲೋಟದ ಕಾಫಿಗಾ?"

"ಒಳ್ಳೇ ಎಂಜಿನ್ ಬರ್ಲಿ ಅಂತ ಕಾಯ್ತಾ ಇದೀನಿ ಕಣಮ್ಮ ನಾನು!"

"ಕಾಯ್ತಾ ಇರಿ! ಅಷ್ಟರಲ್ಲಿ ನಿಮ್ಮ ಲೈಸೆನ್ಸೇ ಮುಗಿದಿರುತ್ತೆ!" ಎಂದೆ. ಇದನ್ನು ನಾನೇ ಹೇಳಿದೆನೇ ಎಂದು ಈಗಲೂ ಅನುಮಾನ.

ಮುಳ್ಳು ಕೆಂಪಕ್ಷರಕ್ಕೆ ಬಡಿದು ಬಾಗಿತು. ಆ ಬಸ್ಸನ್ನು ಎರಡನೆಯ ಸಲ ದಾಟಿದೆವು. ಕಂಡಕ್ಟರ್ ಈ ಸಲ ಕಣ್ಣು ಮುಚ್ಚಿಕೊಂಡ.

'ಗಾಲಿ' ಕಚೇರಿಯ ಮುಂದೆ ನಾನು ಸುಸ್ತಾಗಿ ಬಾಯಿ ಮುಚ್ಚಿದೆ, ಗಾಡಿ ನಿಂತಿತು. ಹಿಂದಿನವರಿಬ್ಬರೂ ನನ್ನ ಮೇಲೆ ಮುನಿಸಿಕೊಂಡು, ಹೆಗಲ ಮೇಲೆ ಕೈ ಹಾಕಿಕೊಂಡು ದೋಸೆಗೆ ಹೋದರು. ಗಾಡಿಯ ಅವತಾರ ನೋಡಲು ಸಂಪಾದಕರಾದ ದೊರೆರಾಜ್ ಅವರೂ ತಾಂತ್ರಿಕ ಅಂಕಣ ಬರೆಯುವ ಫಿಲೋಮಿನಾ ಮೇಡಂ ಅವರೂ ಹೊರಗೆ ಬಂದರು. ನನ್ನನ್ನು ಸಂದರ್ಶಿಸಬೇಕಾದವರು ಇವರೇ.

"ಸಂದರ್ಶನಕ್ಕೆ ಬಂದೋರಾ? ಇಲ್ಲೇ ಕೇಳಿಬಿಡ್ತೀನಿ," ಎಂದರು ದೊರೆರಾಜ್, ಬಾಗಿಲು ತೆರೆದು ಗಾಡಿಯೊಳಗೆ ಕೂತು ಸೀಟು ಒತ್ತಿ ನೋಡುತ್ತ. "ಮುಂದೆ ಬರೋ ಎಸ್‌ಯುವಿಗಳಿಗೆ ಯಾವುದು ಸರಿ? ಹೈಬ್ರಿಡ್ ತಾನೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಇನ್ನೊಂದು ಬಾಗಿಲಿನಿಂದ ಹತ್ತಿ ಕೂತರು. "ಹೈಬ್ರಿಡ್ಡಾ? ಎಂಜಿನ್ನೂ ಹೊತ್ಕೊಂಡು, ಬ್ಯಾಟರಿನೂ ಹೊತ್ಕೊಂಡು, ಅದೇನು ಗಾಡಿನೋ ಕೂಲಿಯೋ?"

"ಬೇಡ, ಬೇಡ, ಇಳೀರಿ!" ಎಂದು ಕೂಗಿದೆ.

ತಡವಾಗಿತ್ತು. ಸ್ಟೇರಿಂಗ್ ಹಿಡಿದೇ ಕೂತಿದ್ದ ಮಾವನ ಹಲ್ಲುಗಳು ಹೊಳೆದದ್ದು ಮಾತ್ರ ಕಂಡಿತು. ನನ್ನ ಸಂದರ್ಶನ ಧೂಳೆಬ್ಬಿಸಿಕೊಂಡು ಮಾಯವಾಯಿತು!

ಕಚೇರಿಯಲ್ಲಿ ಇನ್ನಾರೂ ಇರಲಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಎತ್ತಿದೆ. ಯಾವ ಗಾಡಿಗೆ ಕಾಯಬೇಕು ಎಂದು ಓದುಗರೊಬ್ಬರು ಕೇಳಿದರು. "ಕಾಯಬೇಡಿ," ಎಂದೆ. ಪ್ರೆಸ್ಸಿನವರು ಪುಟಗಳೆಲ್ಲಿ ಎಂದು ಗದರಿದರು. ನಾನೂ ತಿರುಗಿ ಗದರಿ, ಮೇಜಿನ ಮೇಲಿದ್ದ ಕರಡು ತಿದ್ದತೊಡಗಿದೆ. ನಡುವೆ ವಿಶಾಲತ್ತೆಯ ಫೋನು. "ನಿಮ್ಮಾವ ಯಾರನ್ನೋ ಕೂರಿಸ್ಕೊಂಡು ನಮ್ಮ ಬೀದಿ ತುದೀಲೇ ಹೋದ್ರಲ್ಲೇ! ಕೂಗಿದ್ರೂ ನಿಲ್ಲಿಸ್ಲಿಲ್ಲ. ಆರತಿ ತಟ್ಟೆ ಇನ್ನೂ ಬಾನೆಟ್ ಮೇಲೇ ಇತ್ತು."

ಆಮೇಲೆ ಫಿಲೋಮಿನಾ ಮೇಡಂ ಫೋನು ಮಾಡಿದರು. "ಗುಂಡ್ಲುಪೇಟೆ ದಾಟಿಬಿಟ್ವಿ ಕಣಮ್ಮ! ಹೇಗೆ ನಿಲ್ಲಿಸೋದು ಇದನ್ನ?"

"ಯಾವುದಾದ್ರೂ ಒಂದು ವಿಷಯ ಇಬ್ರೂ ಮನಸಾರೆ ಒಪ್ಕೊಳ್ಳಿ ಮೇಡಂ."

"ಒಪ್ಪೋದಾ? ಈ ಮನುಷ್ಯನ ಜೊತೆನಾ?"

"ಹೈಬ್ರಿಡ್ ಅಂತ ಒಪ್ಕೊಳ್ಳೋಕೆ ಹೇಳಮ್ಮ ಅವರಿಗೆ!" ಹಿಂದಿನಿಂದ ದೊರೆರಾಜ್ ಕೂಗಿದರು. ಗಾಡಿ ಇನ್ನಷ್ಟು ಜೋರಾದ ಸದ್ದು ನನಗೂ ಕೇಳಿಸಿತು.

"ಸ್ವಲ್ಪ ಇಬ್ರೂ ಸುಮ್ನಿರ್ತೀರಾ!" ಎಂದೆ. "ಪ್ರೆಸ್ಸಿನವರು ಬಾಗಿಲಲ್ಲಿ ನಿಂತಿದಾರೆ. ಮುಖಪುಟ ಲೇಖನದಲ್ಲಿ ಒಂದೇ ಗಾಡಿಗೆ ಸಾರ್ ಒಂದು ಮೈಲೇಜ್ ಬರೆದಿದಾರೆ, ನೀವೊಂದು ಬರೆದಿದೀರಿ. ಎರಡೂ ತಪ್ಪು. ಕಂಪನಿ ಕಾಗದ ನೋಡಿ ನಾನೇ ಸರಿ ಮಾಡಿ ಕಳಿಸ್ತಾ ಇದೀನಿ."

ಆ ಕಡೆ ಗಾಡಿಯ ಆರ್ಭಟ ತುಸು ತಗ್ಗಿತು.

"ಈ ಹುಡುಗಿನ ತಗೊಳ್ಳೋಣ್ವಾ?" ದೊರೆರಾಜ್ ಮೆಲ್ಲಗೆ ಕೇಳಿದರು.

"ತಗೊಳ್ಳೋಣ," ಎಂದರು ಮೇಡಂ.

ಕಿರ್ರ್! ಗಾಡಿ ನಿಂತಿತು. "ನಿಂತ್ಬಿಡ್ತು! ನಿಂತ್ಬಿಡ್ತು!" ಎಂದು ಮಾವ ಕೂಗುವುದು ಕೇಳಿಸಿತು. ಆಮೇಲೆ ಹಕ್ಕಿಗಳ ದನಿ. ಆಮೇಲೆ ಯಾರದೋ ಬೂಟಿನ ಸದ್ದು.

ಅದು ಬಂಡೀಪುರದ ಕಾಡು. ಅಲ್ಲಿ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಅರಣ್ಯ ಇಲಾಖೆಯವರು ಬಂದು ದಂಡದ ಚೀಟಿ ಬರೆದುಕೊಟ್ಟರು. ಅದನ್ನು ಯಾರು ಕಟ್ಟಬೇಕು ಎಂದು ಸಂಪಾದಕರಿಗೂ ಮೇಡಂಗೂ ಮಾವನಿಗೂ ವಾದ ಹತ್ತಿಕೊಂಡಿತು. ಆ ವಾದದ ಮೇಲೆಯೇ ಗಾಡಿ ಎಲ್ಲೂ ನಿಲ್ಲದೆ ಮೈಸೂರಿಗೆ ಬಂದು ಸೇರಿತು.

ದಂಡ ಇನ್ನೂ ಕಟ್ಟಿಲ್ಲ. ಕಟ್ಟಿಬಿಟ್ಟರೆ ಇಂಧನ ಖಾಲಿಯಾಗುತ್ತದೆ ಎನ್ನುತ್ತಾರೆ ಮಾವ.