ದೇವಾಪುರದ ಮಂಗಳವಾರಕ್ಕೆ ಬಿದ್ದ ಮತಗಳು

ಸಭೆ ನಡೆಸುವುದು ಒಂದು ಶಾಸ್ತ್ರ. ಮೂವತ್ತು ವರ್ಷ ಹೆಡ್‌ಮಾಸ್ತರನಾಗಿದ್ದ ನನಗೆ ಆ ಶಾಸ್ತ್ರ ತಿಳಿಯದೆಂದು ಯಾರಾದರೂ ಹೇಳಿದ್ದರೆ, ಮೊನ್ನೆಯವರೆಗೂ ಅವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ನಮ್ಮ ದೇವಾಪುರಕ್ಕೆ ಸುರಪುರದಿಂದ ಕ್ರೈಸ್ತ ಸಿಸ್ಟರುಗಳು ಪ್ರತಿ ಮಂಗಳವಾರ ಔಷಧದ ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಅವರಲ್ಲಿ ನರ್ಸ್ ಒಬ್ಬರೇ. ಆ ಮಂಗಳವಾರವನ್ನು ಈಗ ಇನ್ನೊಂದು ಊರೂ ಕೇಳತೊಡಗಿತ್ತು. ಅವರ ಮುಖ್ಯಸ್ಥೆ, ಮಂಗಳೂರಿನ ಕಡೆಯ ಮದರ್, ನನ್ನನ್ನು ಕರೆದು ಹೇಳಿದರು: “ಈ ಸೇವೆ ನಮ್ಮದು ಮಾತ್ರ ಅಲ್ಲ ಮಾಸ್ಟ್ರೇ, ಊರಿನ ನಮ್ಮ ಜೊತೆಗಾರರದ್ದೂ ಹೌದು. ಎಲ್ಲರೂ ಕೂತು ಮಾತಾಡುವ. ಮಂಗಳವಾರ ಬೇಕೋ ಬೇಡವೋ ನೀವೇ ಹೇಳಿ.”

ಸಭೆಯ ಅಧ್ಯಕ್ಷ ಯಾರು? ಇನ್ಯಾರು!

ನಾವು ಮೈಸೂರು ರಾಜ್ಯದವರಾಗಿ ಎರಡು ವರ್ಷವಾಯಿತು. ನಿಜಾಮರ ಕಾಲದ ಹುಕುಂ ಹೋಗಿ ಪ್ರಜಾಪ್ರಭುತ್ವ ಬಂದಿದೆ. ಅದನ್ನು ಈ ಊರಿಗೆ ಕಲಿಸುವ ಹೊಣೆ ನನ್ನದೆಂದು ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಶಾಲೆಯಲ್ಲಿ ಸಭೆ ಆರಂಭವಾಯಿತು. ಅಂದರೆ ನಾನು ಆರಂಭಿಸಿದೆ. ಗಂಡಸರು ಐದಕ್ಕೆ ಬಂದರು! ಹೆಂಗಸರು ಮಾತ್ರ ಮೊದಲೇ ಬಂದು ಕುಳಿತಿದ್ದರು. ಕುರಿಗಾರರ ಮನೆಯ ಸೊಸೆ ಮಲ್ಲಮ್ಮ, ಏಳು ತಿಂಗಳ ಬಸುರಿ, ನನ್ನ ಬಳಿ ಬಂದಳು.

“ಮಂಗಳವಾರ ತಪ್ಪಿಸಬ್ಯಾಡ್ರಿ ಮಾಸ್ತರ್. ಹೋದ ಸಲ ಹೆರಗಿಗಿ ಗಾಡ್ಯಾಗ ಸುರಪುರಕ್ಕ ಹೊಂಟಿದ್ದೆ. ದಾರ್ಯಾಗ ಸತ್ತು ಬದುಕೀನ್ರಿ.”

“ಮಾತು ಬೇಡಮ್ಮ. ಮತ ಸಾಕು,” ಎಂದೆ.

ಗಂಡಸರು ಬಂದು ಬಲಕ್ಕೆ ಕುಳಿತರು. ಮದರ್ ಮತ್ತು ನರ್ಸ್ ಸಿಸ್ಟರ್ ಬಾಗಿಲ ಬಳಿಯ ಕುರ್ಚಿಗಳಲ್ಲಿದ್ದರು. ನಾನು ಎದ್ದು ನಿಂತೆ. “ಮಂಗಳವಾರ ಬೇಕೆನ್ನುವವರು ಮಾತಾಡದೆ ಕೈ ಎತ್ತತಕ್ಕದ್ದು!”

ಒಂದು ಕೈಯೂ ಏಳಲಿಲ್ಲ.

ಹೆಂಗಸರ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಕೂಸು. ಮಲ್ಲಮ್ಮ ನೆಲ ನೋಡುತ್ತಿದ್ದಳು. ನನ್ನ ಹೆಂಡತಿ ಶರಣಮ್ಮ? ಮಂಗಳವಾರ ಉಳಿಸಿರೆಂದು ವಾರವೆಲ್ಲ ನನ್ನ ತಲೆ ತಿಂದವಳು ಮುಖವನ್ನೇ ಮುಚ್ಚಿಕೊಂಡಿದ್ದಳು! ಗಂಡಸರ ಸಾಲಿನಿಂದ ನನ್ನ ಅಣ್ಣ ಗೊಣಗಿದ: “ಅದು ಹೆಣ್ಮಕ್ಕಳ ದವಾಖಾನಿ. ನಾವ್ಯಾಕ ಕೈ ಎತ್ತೂಣು?”

ಎರಡು ಸಲ ಎಣಿಸಿದೆ. ಸೊನ್ನೆಯನ್ನು ಎಷ್ಟು ಸಲ ಎಣಿಸಿದರೂ ಸೊನ್ನೆಯೇ. ನನಗೆ ಮೈಯೆಲ್ಲ ಉರಿದುಹೋಯಿತು. ಬೇಕೆಂದು ಅತ್ತವರೇ ಕೈ ಎತ್ತುವುದಿಲ್ಲವೆಂದರೆ ಏನರ್ಥ? ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆದು ಗಟ್ಟಿಯಾಗಿ ಓದಿದೆ: “ಠರಾವು ಬಿದ್ದಿದೆ. ಮಂಗಳವಾರದ ದವಾಖಾನೆ ಬಂದ್.”

ಮದರ್ ಮುಖ ಸಣ್ಣದಾಯಿತು. ಶರಣಮ್ಮ ಬಾಗಿಲ ಮರೆಗೆ ಹೋಗಿ ನನ್ನನ್ನು ಸನ್ನೆಯಿಂದ ಕರೆದಳು.

“ತಲಿ ನೆಟ್ಟಗೈತೇನ್ರಿ? ಭಾವನೋರ ಮುಂದ ನಾ ಕೈ ಎತ್ಲ್ಯಾ? ಮಾವನ ಮುಂದ ಮಲ್ಲಮ್ಮ ಎತ್ತತಾಳಾ?”

“ಅದನ್ನು ಆಗಲೇ ಹೇಳಬಾರದಿತ್ತೇ?”

“ಮಾತಾಡಬ್ಯಾಡ್ರಿ ಅಂದೋರು ನೀವಽ ಅಲ್ಲೇನು!”

ನರ್ಸ್ ಸಿಸ್ಟರ್ ಇದನ್ನು ಕೇಳಿಸಿಕೊಂಡರು. ಎದ್ದು ಹೋಗಿ ಹೆಂಗಸರ ನಡುವೆ ಚಾಪೆಯ ಮೇಲೆ ಕುಳಿತರು. “ಬರುವ ಮಂಗಳವಾರ ಪೆಟ್ಟಿಗೆ ಯಾರ ಮನೆಯಲ್ಲಿ ಇಡುವುದು?” ಎಂದರು. ಅಷ್ಟೇ!

“ನಮ್ಮ ಮನ್ಯಾಗ್ರಿ!”

“ಆಕಿ ಮನ್ಯಾಗ ಬ್ಯಾಡ್ರಿ ಸಿಸ್ಟರ್, ನಾಯಿ ಕಡೀತೈತಿ!”

“ನಮ್ಮ ಸೊಸಿ ಬಸುರದಾಳ, ನಮ್ಮಲ್ಲೇ ಇಡ್ರಿ!” ಇದು ಮಲ್ಲಮ್ಮನ ಮಾವ!

ಮನೆಗೆ ಕರೆಯಲು ಸೆರಗೂ ಅಡ್ಡಿಯಲ್ಲ, ಮಾವನೂ ಅಡ್ಡಿಯಲ್ಲ. ನಾನು ಮೇಜು ಗುದ್ದಿ ಕೂಗಿದೆ: “ಶಿಸ್ತು! ಠರಾವು ಬಿದ್ದಿದೆ! ಇಲ್ಲದ ದವಾಖಾನೆಯ ಪೆಟ್ಟಿಗೆಯನ್ನು ಎಲ್ಲಿಯೂ ಇಡುವಂತಿಲ್ಲ!” ಯಾರೂ ಈ ಕಡೆ ತಿರುಗಲಿಲ್ಲ. ಸೆರಗಿನೊಳಗಿಂದ ಶರಣಮ್ಮನ ದನಿ ಬಂತು: “ಜಗಳ ಯಾಕ? ನಮ್ಮ ಕಟ್ಟಿ ಮ್ಯಾಲ ಇಡ್ರಿ.”

ಎಲ್ಲರೂ ಒಪ್ಪಿದರು. ಕಟ್ಟೆಯ ಮಾಲೀಕನನ್ನು ಒಬ್ಬರೂ ಕೇಳಲಿಲ್ಲ!

ಮಂಗಳವಾರ ಬೆಳಗ್ಗೆ ನನ್ನ ಕಟ್ಟೆಯ ಮೇಲೆ ಇಪ್ಪತ್ತು ಹೆಂಗಸರು, ಅದಕ್ಕಿಂತ ಹೆಚ್ಚು ಕೂಸುಗಳು, ಎರಡು ಆಡು. ತಪಾಸಣೆಗೆಂದು ಒಳಗೆ ಹೋಗುತ್ತಿದ್ದ ಮಲ್ಲಮ್ಮ, “ಸ್ವಲ್ಪ ಹಿಡ್ಕೊಳ್ರಿ ಮಾಸ್ತರ್,” ಎಂದು ಮಗನನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ದಾಖಲೆಯ ಪ್ರಕಾರ ಈ ದವಾಖಾನೆ ಅಸ್ತಿತ್ವದಲ್ಲೇ ಇಲ್ಲವೆಂದು ನಾನು ಅವನಿಗೆ ವಿವರಿಸಿದೆ. ಅವನು ಪೂರ್ತಿ ಕೇಳಿ, ನನ್ನ ಇಸ್ತ್ರಿ ಮಾಡಿದ ಧೋತರವನ್ನು ತೋಯಿಸಿ, ಅಳತೊಡಗಿದ.

ಅಳು ನಿಲ್ಲಿಸಲು ನಾನು ಕತ್ತೆಯಂತೆ ಕೂಗಿದೆ. ಅವನು ನಕ್ಕ. ಒಳಗಿಂದ ಸಿಸ್ಟರ್, “ಹಾಗೇ ಮಾಡ್ತಾ ಇರಿ ಮಾಸ್ಟ್ರೇ, ಚೆನ್ನಾಗಿ ಬರ್ತದೆ!” ಎಂದರು.