ಗಂಡನ ಸೊಂಟದ ಮೇಲೆ ಹೆಂಡತಿಯ ಹುಣ್ಣು

ಎರಡನೇ ಮಹಾಯುದ್ಧದ ಕಾಲದಲ್ಲಿ ನಾನು ಹೊಳೆನರಸೀಪುರದಲ್ಲಿ ಡಾಕ್ಟರಾಗಿದ್ದೆ. ಚರ್ಮದ ಕಾಯಿಲೆ ಕಣ್ಣಿಗೆ ಕಾಣುವಂಥದ್ದು, ಗುರುತಿಸುವುದು ಸುಲಭ ಅಂತ ಓದುವಾಗ ಅಂದುಕೊಂಡಿದ್ದೆ. ತೋರಿಸಿದರೆ ತಾನೆ! ನನ್ನ ರೋಗಿಗಳು ಏನೇನನ್ನೋ ತೋರಿಸುತ್ತಿದ್ದರು, ಬೇಕಾದ ಜಾಗವೊಂದನ್ನು ಬಿಟ್ಟು. ಇಂಥದ್ದು ವಾರಕ್ಕೊಂದಾದರೂ ನಡೆಯುತ್ತಿತ್ತು.

೧. ಜಾಗ ತೋರಿಸಿದವರು

ಅರಕಲಗೂಡು ಕಡೆಯ ರೈತರೊಬ್ಬರು ಬಂದು, ಅಂಗಿ ಎತ್ತಿ ಬಲಸೊಂಟದ ಮೇಲೆ ಬೆರಳಿಟ್ಟರು.

“ಇಲ್ಲಿ ಉಣ್ಣು ಸಾ. ಎರಡು ವರ್ಸಾಯ್ತು, ಮಾಯಾಕಿಲ್ಲ.”

ಕನ್ನಡಕ ಒರೆಸಿಕೊಂಡು ನೋಡಿದೆ. ಒಂದು ಗೀರೂ ಇರಲಿಲ್ಲ.

“ಎಲ್ರೀ ಇದೆ ಹುಣ್ಣು?”

“ನಂಗಲ್ಲ ಸಾ, ನಮ್ ಮನೆಯವ್ಳಿಗೆ. ಗಂಡಸ್ರ ಮುಂದೆ ಸೊಂಟ ತೋರ್ಸಾಕೆ ನಾಚ್ಕೆ ಅಂದ್ಲು. ಅದ್ಕೆ ಜಾಗ ನೋಡ್ಕಂಡು ನಾನೇ ಬಂದೆ.”

ಸಿಟ್ಟು ನೆತ್ತಿಗೇರಿತು. ಆಕೆಯನ್ನೇ ಕರೆತನ್ನಿ ಅಂತ ಬಾಯಿಗೆ ಬಂದಂತೆ ಬೈದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

“ಅಲ್ಲೀಗಂಟ ಮುಲಾಮು ನಂಗೇ ಅಚ್ಚಿ ತೋರ್ಸಿ ಸಾ. ಓಗಿ ಅಂಗೇ ಅಚ್ತೀನಿ.”

೨. ಬೆಂಗಳೂರಿಗೆ ಹೋದ ಚೂರು

ಮರುವಾರ ಹೆಂಡತಿಯನ್ನು ಕರೆತಂದರು. ನರ್ಸಮ್ಮ ಪಕ್ಕದಲ್ಲಿ ಬಂದು ನಿಂತ ಮೇಲೆ ಆಕೆ ಸೆರಗು ಸರಿಸಿದರು. ಹುಣ್ಣಿನ ತುಂಬ ವಿಭೂತಿ!

“ಏನಮ್ಮ ಇದು?”

“ಡಾಕ್ಟ್ರ ಮುಂದೆ ಬರೀ ಉಣ್ಣು ಎಂಗೆ ತೋರ್ಸಾದು ಬುದ್ಧೀ?”

ತೊಳೆದು ನೋಡಿದೆ. ಸೀರೆ ಬಿಗಿದು ಉಟ್ಟು ಉಟ್ಟು ಕಪ್ಪಾದ ಗೆರೆಯ ಮೇಲೆಯೇ ಇತ್ತು. ಅಂಚು ಎದ್ದು ಗಟ್ಟಿಯಾಗಿತ್ತು, ಮುಟ್ಟಿದರೆ ರಕ್ತ. ಕ್ಯಾನ್ಸರ್ ಇರಬಹುದು ಅನ್ನಿಸಿತು. ಆಕೆಗೆ ಇನ್ನೂ ನಲವತ್ತು ತುಂಬಿರಲಿಲ್ಲ.

“ಒಂದು ಚೂರು ತೆಗೆದು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು” ಎಂದೆ.

ಗಂಡನ ಮುಖ ಕಪ್ಪಿಟ್ಟಿತು. ಆಕೆ ಅವರ ಕಡೆ ತಿರುಗಿ ಅಂದರು: “ಮದ್ವೆ ಆದಾಗಿಂದ ಬೆಂಗ್ಳೂರು ತೋರ್ಸಿ ಅಂತ ಬಡ್ಕಂಡೆ. ನೋಡಿ, ನನ್ ಚೂರಾದ್ರೂ ಓಯ್ತದೆ.”

೩. ಮತ್ತೆ ಅದೇ ಜಾಗ

ಬೆಂಗಳೂರಿನಿಂದ ಬಂದ ಕಾಗದದಲ್ಲಿ ಕ್ಯಾನ್ಸರ್ ಅಂತಲೇ ಇತ್ತು. ಪೆಟ್ರೋಲ್ ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿಸಿ ಹಾಸನದ ದೊಡ್ಡಾಸ್ಪತ್ರೆಗೆ ಕಳಿಸಿದೆ. ಅಲ್ಲಿ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ಅಗಲವಾಗಿ ಕೊಯ್ದು ತೆಗೆದರು. ಹುಣ್ಣು ಮತ್ತೆ ಬಂದರೆ ಕಷ್ಟ, ತಿಂಗಳಿಗೊಮ್ಮೆ ಬಂದು ತೋರಿಸಲೇಬೇಕು, ಆ ಗೆರೆಯ ಮೇಲೆ ಸೀರೆ ಬಿಗಿಯಬಾರದು ಅಂತ ಇಬ್ಬರಿಗೂ ಖಡಾಖಂಡಿತವಾಗಿ ಹೇಳಿದೆ. ಒಂದು ವರ್ಷ ತಪ್ಪದೆ ಬಂದರು. ಆಮೇಲೆ ಎರಡು ತಿಂಗಳು ಪತ್ತೆಯಿಲ್ಲ. ಆಕೆಯ ನೆನಪಾದರೆ ನನಗೆ ಊಟ ಸೇರುತ್ತಿರಲಿಲ್ಲ.

ಮೂರನೆಯ ತಿಂಗಳು ಗಂಡ ಒಬ್ಬರೇ ಬಂದರು. ಬಂದವರೇ ಅಂಗಿ ಎತ್ತಿ ಅದೇ ಜಾಗದ ಮೇಲೆ ಬೆರಳಿಟ್ಟರು.

“ಮತ್ತೆ ಬಂತೇನ್ರೀ?”

“ನೀವೇ ನೋಡಿ ಯೋಳಿ ಸಾ.”

ದಡ್ಡನ ಹಾಗೆ ಬಗ್ಗಿ ನೋಡಿದೆ. ಒತ್ತಿಯೂ ನೋಡಿದೆ.

“ಇಲ್ಲೇನೂ ಇಲ್ಲ.”

“ಕೊಯ್ದ ಗುರ್ತು ಒಂದ್ ಬುಟ್ರೆ ಅವ್ಳ್ದೂ ಇಂಗೇ ಐತೆ ಸಾ. ನಾಟಿ ಕೆಲ್ಸ, ಬರಾಕೆ ಪುರ್ಸೊತ್ತಿಲ್ಲ. ನೀವೇ ಓಗಿ ತೋರ್ಸ್ಕಂಡ್ ಬನ್ನಿ ಅಂದ್ಲು.”